ನೀನು ಹೇಳಬೇಕಿದ್ದ ಅರ್ಧ

ಪಕ್ಕದ ಮನೆಯ ಹರಿಣಾಕ್ಷಿಗೆ, ನಿನ್ನ ಐರಿನ್ ಬರೆಯುವುದು.

ನಾವಿಬ್ಬರೂ ತುಳುವಿನಲ್ಲಿ ನಕ್ಕವರು, ತುಳುವಿನಲ್ಲೇ ಜಗಳಾಡಿದವರು. ಮನೆಯೊಳಗೆ ನನ್ನದು ಕೊಂಕಣಿ. ಆದರೆ ಬರೆಯಲು ಕುಳಿತರೆ ಕೈಗೆ ಬರುವುದು ಸಿದ್ಧಕಟ್ಟೆಯ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಕಲಿತ ಕನ್ನಡ ಒಂದೇ. ನೀನು ಹೋಗಿ ಒಂದು ಮಳೆಗಾಲ ಕಳೆಯಿತು. ಆಸ್ಪತ್ರೆಯಲ್ಲಿ ನೀನು ನನ್ನ ಹತ್ತಿರ ಒಂದೇ ಒಂದು ಕೇಳಿದೆ, ನಾನು ಕೊಡಲಿಲ್ಲ. ಅದನ್ನು ಎದುರು ನಿಂತು ಹೇಳಲು ಈಗ ನೀನಿಲ್ಲ. ಬರೆದರೆ ತಲುಪುತ್ತದೆಯೋ ಇಲ್ಲವೋ, ಯಾರಿಗೆ ಗೊತ್ತು? ಆದರೂ ಬರೆಯುತ್ತಿದ್ದೇನೆ.

ಕಾರ್ಖಾನೆಗೆ ನಾನು ಸೇರಿದ ಮೊದಲ ದಿನ ನಿನಗೆ ನೆನಪಿದೆಯಾ? ಮೂಡುಬಿದಿರೆ ರಸ್ತೆಯ ಆ ಗೇರುಬೀಜದ ಕಾರ್ಖಾನೆಗೆ ನೀನೇ ನನ್ನನ್ನು ವ್ಯಾನಿಗೆ ಹತ್ತಿಸಿ ಕರೆದುಕೊಂಡು ಹೋಗಿದ್ದೆ. ಬೀಜದ ಸಿಪ್ಪೆ ತೆಗೆಯುವ ಸಣ್ಣ ಚೂರಿಗಳನ್ನು ಎಲ್ಲರಿಗೂ ಹಂಚಿ ಮುಗಿದಿತ್ತು, ನನಗೆ ಸಿಕ್ಕಿರಲಿಲ್ಲ. ಕೇಳಲು ನಾಚಿಕೆ. ಉಗುರಿನಲ್ಲೇ ಕೆರೆಯುತ್ತ ಕುಳಿತೆ. ಊಟಕ್ಕೆ ಏಳುವಾಗ ನೀನು ನನ್ನ ಬೆರಳು ನೋಡಿದೆ. “ಎಂತ ಮಾರಾಯ್ತಿ, ಕೇಳಿದರೆ ಚೂರಿ ನಿನ್ನನ್ನು ಕಚ್ಚುತ್ತದಾ? ಇನ್ನು ನೀನು ಬಾಯಮ್ಮ. ಬಾಯಮ್ಮ ಅಂದರೆ ಯಾರಾದರೂ ಹೆದರಿ ಚೂರಿ ಕೊಟ್ಟಾರು,” ಎಂದೆ. ನಮ್ಮ ಕಡೆ ಕ್ರಿಸ್ತಾಂವ ಹೆಂಗಸರನ್ನು ಹಾಗೆ ಕರೆಯುವುದು ಪ್ರಾಯವಾದ ಮೇಲೆ. ನನಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಇಡೀ ಮೇಜಿನವರು ನಕ್ಕರು, ಆ ಹೆಸರು ಅಂಟಿಕೊಂಡಿತು. ಮರುದಿನದಿಂದ ಚೂರಿ ಮಾತ್ರ ತಪ್ಪದೆ ಸಿಕ್ಕಿತು.

ನನ್ನ ಅಕ್ಕ ಜೆಸಿಂತಾ ಕಾನ್ವೆಂಟಿನಿಂದ ಮರಳಿ ಬಂದ ವರ್ಷ ಅದು. ಸಿಸ್ಟರ್ ಆಗಲೆಂದು ಹೋದವಳು, ವ್ರತ ತೆಗೆದುಕೊಳ್ಳುವ ಮೊದಲೇ ಟ್ರಂಕು ಹಿಡಿದು ಮನೆಗೆ ಬಂದಳು. ತನಗೆ ಆ ಕರೆ ಇಲ್ಲ ಎಂದು ಅವಳಿಗೇ ತಿಳಿಯಿತಂತೆ, ಅಷ್ಟೇ. ಆದರೆ ನಮ್ಮಲ್ಲಿ ಹಾಗೆ ಬಂದ ಹುಡುಗಿಗೆ ಉತ್ತರ ಕೊಟ್ಟು ಮುಗಿಯುವುದುಂಟಾ? ಚರ್ಚಿನ ಪೂಜೆ ಮುಗಿಸಿ ಹೊರಗೆ ಬಂದರೆ ಹೆಂಗಸರು ಅವಳ ಕೈ ಹಿಡಿದು, ಕಾಯಿಲೆಯವಳನ್ನು ವಿಚಾರಿಸುವ ಸ್ವರದಲ್ಲಿ “ಯಾಕೆ ಬಂದದ್ದು? ಯಾಕೆ ಬಂದದ್ದು?” ಎನ್ನುತ್ತಿದ್ದರು. ಒಂದು ದಿನ ಅಕ್ಕ ಕುವೈಟಿಗೆ ಮನೆಕೆಲಸಕ್ಕೆ ಹೊರಟುಹೋದಳು. ನಾನು ಚರ್ಚಿಗೆ ಹೋಗುವುದನ್ನೇ ಬಿಟ್ಟೆ. ತಾಯಿಯಿಲ್ಲದ ಮನೆ. ಪಪ್ಪ ಹೇಳಿ ಹೇಳಿ ಸಾಕಾಗಿ ಒಬ್ಬರೇ ಹೋಗತೊಡಗಿದರು. ಜನರ ಮೇಲಿನ ಸಿಟ್ಟು ಯಾವಾಗ ದೇವರ ಮೇಲಿನ ಸಿಟ್ಟಾಯಿತು, ಆ ಸಿಟ್ಟೂ ಯಾವಾಗ ಆರಿಹೋಯಿತು, ನನಗೆ ತಿಳಿಯಲಿಲ್ಲ. ಪ್ರಾರ್ಥನೆಗೆ ಕೈ ಮುಗಿದರೆ ಖಾಲಿ ಮನೆಯ ಬಾಗಿಲು ಬಡಿದ ಹಾಗೆ ಅನಿಸುತ್ತಿತ್ತು. ಬಡಿಯುವುದನ್ನು ನಿಲ್ಲಿಸಿದೆ.

ಆ ಅಕ್ಟೋಬರ್ ಸಂಜೆಯನ್ನು ನೀನು ಎಷ್ಟು ಜನರಿಗೆ ಕತೆ ಮಾಡಿ ಹೇಳಿಲ್ಲ! ಅಕ್ಟೋಬರ್ ಬಂದರೆ ನಮ್ಮ ವಾಳೆಯಲ್ಲಿ, ಅಂದರೆ ಅಕ್ಕಪಕ್ಕದ ಕ್ರಿಸ್ತಾಂವ ಮನೆಗಳನ್ನು ಸೇರಿಸಿ ಚರ್ಚಿನವರು ಮಾಡಿದ ಗುಂಪಿನಲ್ಲಿ, ಮರಿಯಮ್ಮನ ಮೂರ್ತಿ ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆಯಾದರೆ ಮೊಂಬತ್ತಿ ಹಿಡಿದು ಹಾಡುತ್ತ ಮುಂದಿನ ಮನೆಗೆ ಒಯ್ಯುತ್ತಾರೆ. ನಮ್ಮ ಸರದಿಯ ದಿನ ಪಪ್ಪ ಮದುವೆ ಅಡುಗೆಗೆಂದು ನೆರಿಯಕ್ಕೆ ಹೋಗಿದ್ದರು. “ಬಾಗಿಲು ತೆಗೆದು ಒಳಗೆ ಕರಿ, ಅಷ್ಟು ಸಾಕು,” ಎಂದು ಬೇಡಿಕೊಂಡ ಹಾಗೆ ಹೇಳಿ ಹೋಗಿದ್ದರು. ನಾನು ಲೈಟು ಆರಿಸಿ, ಚಿಲಕ ಹಾಕಿ, ಅಡುಗೆಮನೆಯ ಮೂಲೆಯಲ್ಲಿ ಅರೆಯುವ ಕಲ್ಲಿನ ಹಿಂದೆ ಕುಳಿತುಕೊಂಡೆ. ಹಾಡು ಅಂಗಳದವರೆಗೆ ಬಂದು ನಿಂತಿತು. ವಾಳೆಯ ಗುರಿಕಾರ ಲಾರೆನ್ಸ್ ಅಂಕಲ್ ಬಾಗಿಲು ಬಡಿದರು. ಕ್ರಿಸ್ತಾಂವ ಗಂಡಸರೆಲ್ಲ ನಿಮ್ಮ ತುಳುವಿನಲ್ಲಿ ಪೊರ್ಬುಗಳು. ಆಗ ಬೇಲಿಯ ಆಚೆಯಿಂದ ನಿನ್ನ ಸ್ವರ: “ಇದ್ದಾಳಲ್ಲ, ಈಗ ತಾನೇ ಬಟ್ಟೆ...” ಸ್ವರ ಅಲ್ಲೇ ನಿಂತಿತು. ಕತ್ತಲೆಯ ಕಿಟಕಿ ನೋಡಿ ನಿನಗೆ ಗೊತ್ತಾಗಿರಬೇಕು.

“ಅವಳಿಲ್ಲ ಪೊರ್ಬುಗಳೇ. ಬಂಟ್ವಾಳಕ್ಕೆ ಹೋಗಿದ್ದಾಳೆ, ಬಸ್ಸು ತಪ್ಪಿತಂತೆ.”

“ಹಾಗಾದ್ರೆ ವಾಪಸ್ ತಕೊಂಡು ಹೋಗೂದು. ಬೇರೆಂತ ಮಾಡೂದು?”

“ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲಿನ ತನಕ ಬಂದ ತಾಯಿಯನ್ನು ವಾಪಸ್ ಕಳಿಸೂದಾ? ಕೊಡಿ ಇಲ್ಲಿ. ಇವತ್ತು ನಮ್ಮಲ್ಲಿ ಇರ್ಲಿ.”

“ಅದು ಹಾಗಲ್ಲ ಹರಿಣಾಕ್ಷಿ. ನಿಮ್ಮ ಮನೆಯಲ್ಲಿ...”

“ನಮ್ಮ ಮನೆಗೆ ಎಂತ ಆಗಿದೆ? ಸೋಮವಾರ, ಮೀನು ಸಹ ಮಾಡ್ಲಿಲ್ಲ.”

ಯಾರೋ ನಕ್ಕರು. ನಕ್ಕ ಮೇಲೆ ಲಾರೆನ್ಸ್ ಅಂಕಲ್‌ಗೆ ಬೇರೆ ದಾರಿ ಇರಲಿಲ್ಲ. ಹಾಡು ನಮ್ಮ ಅಂಗಳ ಬಿಟ್ಟು ನಿಮ್ಮ ಅಂಗಳಕ್ಕೆ ಹೋಯಿತು. ಕಲ್ಲಿನ ಹಿಂದೆ ಕುಳಿತು ಎಲ್ಲವನ್ನೂ ಕೇಳಿದೆ.

ಹಿಂದಿನ ಬಾಗಿಲಿಗೆ ನೀನು ಬಂದದ್ದು ಸ್ವಲ್ಪ ಹೊತ್ತಿನ ಮೇಲೆ. “ಹೋದರು, ಬಾಗಿಲು ತೆಗಿ. ನಿಮ್ಮ ಅಮ್ಮ ನಮ್ಮಲ್ಲಿದ್ದಾಳೆ. ಮಣೆ ಇಟ್ಟು ಕೂರಿಸಿದೆ, ಮಲ್ಲಿಗೆ ಹಾಕಿದೆ, ಕುಂಕುಮ ಇಟ್ಟೆ. ಇನ್ನೆಂತ ಮಾಡ್ಬೇಕು ಹೇಳು.” ಕುಂಕುಮ ಎಂದ ಕೂಡಲೇ ನನಗೆ ನಗು ಬಂತು, ಭಯವೂ ಆಯಿತು. ನಾನು ಬರುವುದಿಲ್ಲ ಎಂದೆ. ಆಗ ನೀನು ಹೇಳಿದ್ದನ್ನು ನಾನು ಪಾದ್ರಿಗಳ ಯಾವ ಪ್ರವಚನದಲ್ಲೂ ಕೇಳಿಲ್ಲ, ಹರಿಣಿ: “ನಿನ್ನ ಸಿಟ್ಟು ನಿನ್ನ ಹತ್ರ ಇರ್ಲಿ. ನಮ್ಮ ಮನೆಗೆ ಬಂದವಳು ಸುಮ್ಮನೆ ಕೂತಿದ್ದಾಳೆ. ನಮಗೆ ಅವಳ ಭಾಷೆ ಬರೂದಿಲ್ಲ. ನೀನು ಬಂದು ಮಾತಾಡಿಸು.”

ನಿಮ್ಮ ಚಾವಡಿಯಲ್ಲಿ ಕಾಲಿಟ್ಟಾಗ ನಿನ್ನ ಅಣ್ಣ ಸುಧಾಕರಣ್ಣ ಕುರ್ಚಿಯಲ್ಲಿ ಕುಳಿತಿದ್ದರು. ನನಗೆ ಮೊದಲಿನಿಂದಲೂ ಅವರೆಂದರೆ ಹೆದರಿಕೆ. ಮಾತು ಕಡಿಮೆ, ಮೀಸೆ ಜಾಸ್ತಿ. “ಇದೆಂತ ಹೊಸತು?” ಎಂದು ಮೂರ್ತಿಯ ಕಡೆ ಗಲ್ಲ ತೋರಿಸಿದರು. “ನೆಂಟರು,” ಎಂದೆ ನೀನು. “ಎಷ್ಟು ದಿನಕ್ಕೆ?” “ನಾಳೆ ಸಂಜೆವರೆಗೆ.” ಅವರು ಎದ್ದು ಒಳಗೆ ಹೋದರು. ನಿನಗೆ ಒಂದಿಷ್ಟೂ ಸಂಕೋಚವಿರಲಿಲ್ಲ. ನಿನ್ನ ಅಮ್ಮ ಕಮಲಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರು. ನಾನು ಮಂಡಿಯೂರಿದೆ. ತಪ್ಪಿಸಿಕೊಳ್ಳಲು ಒಂದು ನೆಪ ಹೊಳೆಯಿತು: “ಇದು ಒಬ್ಬಳೇ ಹೇಳೂದಲ್ಲ. ನಮಾನ್ ಮರಿಯೆ ಅಂತ ಅರ್ಧ ಒಬ್ಬರು ಹೇಳ್ಬೇಕು, ಉಳಿದ ಅರ್ಧ ಬೇರೆಯವರು ಹೇಳ್ಬೇಕು. ಇಲ್ಲಿ ಬೇರೆಯವರು ಇಲ್ಲ.”

“ನಾನು ಯಾರು, ಕಂಬವಾ? ಆ ಅರ್ಧ ನನಗೆ ಕಲಿಸು.”

ಕಲಿಸಿದೆ. ಕೊಂಕಣಿಯ ಆ ಶಬ್ದಗಳು ನಿನ್ನ ಬಾಯಲ್ಲಿ ತುಳುವಿನ ಉಡುಪು ತೊಟ್ಟು ಹೊರಬಂದವು. ನೀನು ಅರ್ಥ ಕೇಳಿದೆ, ನಾನು ಹೇಳಿದೆ: ನಮಗಾಗಿ ಬೇಡಿಕೋ, ಈಗಲೂ, ಸಾಯುವ ಹೊತ್ತಿನಲ್ಲೂ. “ಎರಡೇ ಹೊತ್ತಾ? ನಡುವಿನದ್ದು ಬೇಡ್ವಾ ನಿಮಗೆ?” ಎಂದೆ ನೀನು, ಕಮಲಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ನಾನು ಶುರು ಮಾಡಿದೆ, ನೀನು ಮುಗಿಸಿದೆ. ಮತ್ತೆ ನಾನು, ಮತ್ತೆ ನೀನು. ನಂಬಿಕೆಯಿಂದ ಹೇಳಿದೆನೆಂದು ಸುಳ್ಳು ಹೇಳಲಾರೆ. ನಿನ್ನ ನೆಂಟರಿಗೆ ಮರ್ಯಾದೆ ಕಡಿಮೆಯಾಗಬಾರದೆಂದು ಹೇಳಿದೆ, ಅಷ್ಟೇ. ಆದರೆ ಎಷ್ಟೋ ಸಲ ಹೇಳಿದ ಮೇಲೆ ಒಂದು ಕಡೆ ನನ್ನ ಗಮನಕ್ಕೆ ಬಂತು. ನಾನು ಬಿಟ್ಟ ಮಾತನ್ನು ಪ್ರತಿ ಸಲವೂ ಯಾರೋ ಆಚೆಯಿಂದ ಹಿಡಿದು ಮುಂದುವರಿಸುತ್ತಿದ್ದಾರಲ್ಲ! ಮನೆ ಖಾಲಿ ಇರಲಿಲ್ಲ.

ಮರುದಿನ ಮೂರ್ತಿ ಒಯ್ಯಲು ಬಂದ ಲಾರೆನ್ಸ್ ಅಂಕಲ್ ಕುಂಕುಮ ಕಂಡು ಬೆವತದ್ದು, ಪಂಚೆಯ ತುದಿಯಲ್ಲಿ ಉಜ್ಜಿದಷ್ಟೂ ಅದು ಮೂರ್ತಿಯ ಹಣೆ ತುಂಬ ಹರಡಿದ್ದು, “ಬಿಡಿ ಪೊರ್ಬುಗಳೇ, ಚಂದ ಕಾಣ್ತದೆ,” ಎಂದು ನೀನು ಸಮಾಧಾನ ಹೇಳಿದ್ದು... ಅದನ್ನೆಲ್ಲ ಬರೆದರೆ ಇವತ್ತು ಮುಗಿಯಲಿಕ್ಕಿಲ್ಲ.

ಆ ಆದಿತ್ಯವಾರ ಚರ್ಚಿಗೆ ಹೋಗುವ ದಾರಿಯಲ್ಲಿ ನಾನು ಅರ್ಧಕ್ಕೆ ನಿಂತೆ. “ಗೇಟಿನ ತನಕ ನಾನು ಬರ್ತೇನೆ,” ಎಂದು ನನ್ನನ್ನು ಮನೆಯಿಂದ ಹೊರಡಿಸಿದವಳೇ ನೀನು. ದಾರಿಯಲ್ಲಿ ನಾನು ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಅಕ್ಕನಿಗೆ ಹೀಗಾದಾಗ ದೇವರು ಸುಮ್ಮನಿದ್ದ, ಅವನ ಹತ್ತಿರ ನನಗೆ ಮಾತಿಲ್ಲ ಎಂದೆ. ನೀನು ನಿಜವಾಗಿ ಆಶ್ಚರ್ಯಪಟ್ಟೆ. “ಮಾತು ಯಾಕೆ ಬಿಡೂದು? ನಾವು ಕೋಲದಲ್ಲಿ ದೈವದ ಎದುರು ನಿಂತು ಕೇಳ್ತೇವೆ. ಇಷ್ಟು ನಂಬಿದ್ದೇವೆ, ನೀನು ಎಂತ ಮಾಡಿದೆ ಅಂತ. ಅಜ್ಜಿ ಇರುವಾಗ ಬೈತಿದ್ದರು ಸಹ. ನೀನು ಬೈಲಿಕ್ಕಾದರೂ ಒಳಗೆ ಹೋಗು ಮಾರಾಯ್ತಿ. ಹೊರಗೆ ನಿಂತು ಸಿಟ್ಟು ಮಾಡಿದ್ದು ಅವನಿಗೆ ಹೇಗೆ ಗೊತ್ತಾಗೂದು?” ದೇವರಿಗೆ ಸಿಟ್ಟನ್ನೂ ಒಪ್ಪಿಸಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಮಾಡಿದ್ದು ಅದನ್ನೇ. ಎಲ್ಲರೂ ಹಾಡುವಾಗ ನಾನು ಮನಸ್ಸಿನಲ್ಲೇ ಬೈದೆ. ಬೈದು ಬೈದು ಕೊನೆಗೆ ಅಳು ಬಂತು. ಹೊರಗೆ ಬರುವಾಗ ಒಬ್ಬ ಹೆಂಗಸು ನನ್ನ ಕೈ ಹಿಡಿದು ಅದೇ ಸ್ವರದಲ್ಲಿ, “ಅಕ್ಕ ಯಾಕೆ ಬಂದದ್ದು ಅಂತ ಹೇಳ್ಲೇ ಇಲ್ಲ ಅಲ್ವಾ?” ಎಂದರು. ಗೇಟಿನ ಹತ್ತಿರದಿಂದ ನೀನು, “ಅಲ್ಲಿನ ಸಾರಿಗೆ ಹುಳಿ ಸಾಲ್ಲಿಲ್ಲವಂತೆ ಬಾಯಮ್ಮ!” ಎಂದು ಕೂಗಿದೆ. ಮತ್ತೆ ಯಾರೂ ಕೇಳಲಿಲ್ಲ.

ಹಾಗೆ ನಮ್ಮ ಅಭ್ಯಾಸ ಶುರುವಾಯಿತು. ಸಂಜೆ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು, ನಮ್ಮ ಮನೆಯ ಹಿಂದಿನ ಮೆಟ್ಟಿಲಲ್ಲಿ ಕುಳಿತು ತೇರ್ಸ್, ಅಂದರೆ ಮರಿಯಮ್ಮನ ಜಪಮಾಲೆ, ಹೇಳುವುದು. ಅರ್ಧ ನಾನು, ಅರ್ಧ ನೀನು. ಇಡೀ ಜಪಮಾಲೆಗೆ ನಿನಗೆ ತಾಳ್ಮೆ ಇರಲಿಲ್ಲ, “ಇವತ್ತು ಒಂದು ಸುತ್ತು ಸಾಕು, ಅವಳಿಗೂ ಬೇರೆ ಕೆಲಸ ಉಂಟು,” ಎನ್ನುತ್ತಿದ್ದೆ. ನಿನ್ನ ದೇವರಿಗೆ ದೀಪ ಹಚ್ಚುವುದನ್ನು ನೀನು ಬಿಡಲಿಲ್ಲ, ಬಿಡು ಎಂದು ನನ್ನ ಮನಸ್ಸಿನಲ್ಲೂ ಬರಲಿಲ್ಲ. ನೀನು ನೀನಾಗಿಯೇ ಇದ್ದು ನನ್ನನ್ನು ನನ್ನ ದೇವರ ಹತ್ತಿರ ಕೊಂಡುಹೋಗಿ ಬಿಟ್ಟೆ. ನಾನು ನಿನ್ನನ್ನು ಎಲ್ಲಿಗೆ ಕೊಂಡುಹೋದೆ?

ನಿನ್ನ ಕಣ್ಣು ಹಳದಿಯಾದದ್ದನ್ನು ಮೊದಲು ನೋಡಿದ್ದು ನಾನೇ, ವ್ಯಾನಿನಲ್ಲಿ. ಕಾಮಾಲೆ ಎಂದು ನೀನು ಸೊಪ್ಪಿನ ಮದ್ದು ಕುಡಿದೆ, ಪಥ್ಯ ಮಾಡಿದೆ, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ. ಇಳಿಯುತ್ತದೆ ಎಂದುಕೊಂಡದ್ದು ಏರಿತು. ಬೆಳ್ತಂಗಡಿಯಲ್ಲಿ ತೋರಿಸಿ, ಅಲ್ಲಿಂದ ಮಂಗಳೂರಿಗೆ ಕೊಂಡೊಯ್ದರು. ನಾನು ನೋಡಲು ಬಂದ ದಿನ ನಿನ್ನ ಮಂಚದ ಸುತ್ತ ನಿಮ್ಮವರೇ ತುಂಬಿದ್ದರು. ಸುಧಾಕರಣ್ಣ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದರು, ಮಾವಂದಿರು, ಅತ್ತೆಯಂದಿರು. ಆ ದಿನಗಳಲ್ಲಿ ಯಾರು ಯಾರನ್ನು ಮತಾಂತರ ಮಾಡುತ್ತಿದ್ದಾರೆ ಎಂಬ ಮಾತೇ ಎಲ್ಲರ ಮೊಬೈಲಿನಲ್ಲೂ. ನಿಮ್ಮ ಮನೆಯವರು ನನಗೆ ಒಂದು ದಿನವೂ ಏನೂ ಅಂದವರಲ್ಲ. ಆದರೂ ನಾನು ಬಾಗಿಲಲ್ಲೇ ಕತ್ತಿನ ಶಿಲುಬೆಯನ್ನು ರವಿಕೆಯೊಳಗೆ ಹಾಕಿಕೊಂಡೆ. ನೀನು ಕಣ್ಣು ಬಿಟ್ಟು ನೋಡಿದೆ.

“ಬಂದ್ಯಾ. ಶುರು ಮಾಡು.”

“ಎಂತದ್ದು?” ಗೊತ್ತಿದ್ದೂ ಕೇಳಿದೆ.

“ಅದೇ ಮಾರಾಯ್ತಿ. ನೀನು ನಿನ್ನದ್ದು ಹೇಳು, ನಾನು ನನ್ನದ್ದು ಹೇಳ್ತೇನೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಸುಧಾಕರಣ್ಣನೂ. ಸಾಯುವ ಹುಡುಗಿಯ ಮಂಚದ ಹತ್ತಿರ ಕ್ರಿಸ್ತಾಂವ ಹುಡುಗಿ ಏನೋ ಹೇಳಿಸುತ್ತಿದ್ದಾಳೆ ಎಂದರೆ... ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. “ಡಾಕ್ಟ್ರು ಮಾತಾಡ್ಬಾರ್ದು ಹೇಳಿದ್ದಾರಲ್ಲ ಹರಿಣಿ. ನಾಳೆ ಬರ್ತೇನೆ. ಆಗ ಹೇಳುವ,” ಎಂದೆ. ನೀನು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, “ಆಯ್ತು, ನಾಳೆ,” ಎಂದೆ. ನಗಲಿಲ್ಲ. ನಿನ್ನನ್ನು ಅಷ್ಟು ಗಂಭೀರವಾಗಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಈಗ ಮತ್ತು ಸಾಯುವ ಹೊತ್ತು ಎಂದು ಎರಡು ಹೊತ್ತಿಗೆ ಕೇಳುತ್ತೇವಲ್ಲ, ನಿನಗೆ ಆ ಎರಡೂ ಒಂದೇ ಆಗಿತ್ತು. ನಿನಗೆ ಗೊತ್ತಿತ್ತು. ನನಗೂ ಗೊತ್ತಿರಲಿಲ್ಲವಾ? ಬಸ್ಸಿನಲ್ಲಿ ಕುಳಿತ ಮೇಲೆ ಮನಸ್ಸಿನಲ್ಲಿ ಹೇಳತೊಡಗಿದೆ. ನನ್ನ ಅರ್ಧ ಹೇಳಿ, ಅಭ್ಯಾಸದಂತೆ ನಿಲ್ಲಿಸಿದೆ. ಬಸ್ಸಿನ ಸದ್ದು ಮಾತ್ರ.

ಮರುದಿನ ಕಾರ್ಖಾನೆಗೇ ಫೋನ್ ಬಂತು. ನಾಳೆ ಎಂದ ನನ್ನ ಮಾತು ಹಾಗೆಯೇ ಉಳಿಯಿತು. ನಿನ್ನ ಚಿತೆಯ ದಿನ ನಾನು ಹೆಂಗಸರ ಹಿಂದೆ, ಬೇಲಿಯ ಹತ್ತಿರ ನಿಂತಿದ್ದೆ. ಅಲ್ಲಿಯೂ ಬಾಯಿ ತೆರೆಯಲಿಲ್ಲ.

ಪಾಪನಿವೇದನೆಯಲ್ಲಿ ಪಾದ್ರಿಗಳ ಹತ್ತಿರ ಇದನ್ನು ಹೇಳಿದೆ. ಅವರು, ದೇವರು ಕ್ಷಮಿಸಿದ್ದಾರೆ, ಸಮಾಧಾನದಿಂದ ಹೋಗು ಎಂದರು. ದೇವರು ಕ್ಷಮಿಸಿದ್ದನ್ನು ನಂಬುತ್ತೇನೆ. ನೋಡು, ನಂಬುತ್ತೇನೆ ಎಂದು ಬರೆಯಲು ನನಗೆ ಈಗ ತಡವಾಗುವುದಿಲ್ಲ. ಪ್ರತಿ ಆದಿತ್ಯವಾರ ಹೋಗುತ್ತೇನೆ, ಮುಂದಿನ ಬೆಂಚಿಗೂ ಹೋಗಿದ್ದೇನೆ. ಮತ್ತೆ ಚರ್ಚಿಗೆ ಹೋಗುತ್ತಿದ್ದೇನೆಂದು ಅಕ್ಕನಿಗೂ ಫೋನಿನಲ್ಲಿ ಹೇಳಿದೆ, ಅವಳು ಆ ಕಡೆ ಅತ್ತಳು. ಎಲ್ಲವೂ ನಿನ್ನಿಂದ ಬಂದದ್ದು. ಅದಕ್ಕೇ ಪ್ರಾರ್ಥನೆ ಒಳ್ಳೆಯದಾಗಿ ಬಂದ ದಿನವೇ ನನಗೆ ಹೆಚ್ಚು ನಾಚಿಕೆ. ಕೇಳಿದವಳು ನೀನು. ನಿನಗೆ ಕೊಡದೆ ಉಳಿಸಿಕೊಂಡದ್ದನ್ನು ನಾನೊಬ್ಬಳೇ ಉಣ್ಣುತ್ತಿದ್ದೇನೆ ಎನಿಸುತ್ತದೆ.

ಕಳೆದ ಆದಿತ್ಯವಾರ ಪೂಜೆ ಮುಗಿಸಿ, ಮನೆಗೆ ಹೋಗದೆ ಬೆಳ್ತಂಗಡಿಯ ಬಸ್ಸು ಹತ್ತಿದೆ. ನಿಮ್ಮ ಸಿದ್ಧಕಟ್ಟೆಯ ಮನೆಗೆ ಈಗ ಬೇರೆಯವರು ಬಾಡಿಗೆಗೆ ಬಂದಿದ್ದಾರೆ. ಕಮಲಕ್ಕನನ್ನು ಸುಧಾಕರಣ್ಣ ಬೆಳ್ತಂಗಡಿ ಹತ್ತಿರ ಲಾಯಿಲದಲ್ಲಿರುವ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದಾರೆ, ಅವರಿಗೆ ಕೆಲಸ ಅಲ್ಲಿಯೇ. ಕಮಲಕ್ಕ ಒಳಗೆ ಕೂರಿಸಿ ಚಾ ಕೊಟ್ಟರು. ಸುಧಾಕರಣ್ಣ ಹೊರಗೆ ಚಾವಡಿಯಲ್ಲಿ ದೊಡ್ಡ ಸ್ವರದಲ್ಲಿ ಟಿವಿ ಹಾಕಿ ಕ್ರಿಕೆಟ್ ನೋಡುತ್ತಿದ್ದರು. ನಾನು ಲೋಟ ಕೆಳಗಿಟ್ಟೆ.

“ಕಮಲಕ್ಕ, ಅವತ್ತು ಆಸ್ಪತ್ರೆಯಲ್ಲಿ ಹರಿಣಿ ನನ್ನ ಹತ್ರ...”

“ಗೊತ್ತುಂಟು.”

“ನಾನು ನಾಳೆ ಅಂತ...”

“ಅದೂ ಗೊತ್ತುಂಟು. ಅಲ್ಲೇ ಇದ್ದೆನಲ್ಲ.” ಅವರು ನನ್ನ ಲೋಟವನ್ನು ಬದಿಗೆ ಸರಿಸಿದರು. “ಕಾದಳು ಅವಳು. ಬೆಳಿಗ್ಗೆ ಐಸಿಯುಗೆ ಕೊಂಡೋಗುವಾಗ ಸಹ ಬಾಯಮ್ಮ ಬಂದ್ಲಾ ಅಂತ ಕೇಳಿದಳು. ನಾನೇ ಹೇಳುವ ಅಂತ ನೋಡಿದೆ. ನನಗೆ ಬರೂದಿಲ್ಲ. ಅವಳಿಗೆ ಅವಳ ಅರ್ಧ ಬರ್ತಿತ್ತು. ಶುರು ಮಾಡ್ಲಿಕ್ಕೆ ಜನ ಇರ್ಲಿಲ್ಲ.”

ನನಗೆ ಸಮಾಧಾನದ ಮಾತು ಸಿಗಬಹುದೆಂದು ಹೋದದ್ದಲ್ಲ ಎಂದರೆ ಸುಳ್ಳಾದೀತು. ಸಿಗಲಿಲ್ಲ. ನಾನು ಅತ್ತೆ. ಕಮಲಕ್ಕ ಅಳಲು ಬಿಟ್ಟರು, ಬೆನ್ನು ಸವರಲಿಲ್ಲ. ಆಮೇಲೆ, “ಸಾಕು. ನೀನು ಅತ್ತರೆ ಅವಳಿಗೆ ಎಂತ ಸಿಗ್ತದೆ? ಹೇಳು ಈಗ,” ಎಂದರು.

“ಈಗವಾ? ಸುಧಾಕರಣ್ಣ ಇದ್ದಾರೆ...”

“ಅವನು ಇದ್ದರೆ ಇರ್ಲಿ. ಅವನ ಮನೆ, ಅವನೆಲ್ಲಿಗೆ ಹೋಗೂದು?”

ಶುರು ಮಾಡಿದೆ ಹರಿಣಿ. ಟಿವಿಯಲ್ಲಿ ಜನ ಕೂಗುತ್ತಿದ್ದರು, ನನ್ನ ಸ್ವರ ನನಗೇ ಕೇಳಿಸುತ್ತಿರಲಿಲ್ಲ. ನನ್ನ ಅರ್ಧ ಮುಗಿಸಿ ನಿಂತೆ. ಯಾರೂ ಹಿಡಿಯಲಿಲ್ಲ. ಕಮಲಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಉಳಿದ ಅರ್ಧವನ್ನೂ ನಾನೇ ಹೇಳಿದೆ, ನೀನು ಹೇಳುತ್ತಿದ್ದಷ್ಟು ಜೋರಾಗಿ. ಎರಡನೆಯ ಸಲ, ಮೂರನೆಯ ಸಲ. ಆಮೇಲೆ ಎಣಿಸಲಿಲ್ಲ. ಒಂದು ಹೊತ್ತಿನಲ್ಲಿ ನನ್ನ ಸ್ವರ ಇಡೀ ಮನೆಯಲ್ಲಿ ಸ್ಪಷ್ಟವಾಗಿ ಕೇಳುತ್ತಿದೆ ಎಂದು ಗೊತ್ತಾಯಿತು. ಹೊರಗೆ ಟಿವಿಯ ಸದ್ದನ್ನು ಯಾರೋ ಪೂರ್ತಿ ತಗ್ಗಿಸಿದ್ದರು.

ಸುಧಾಕರಣ್ಣ ನನ್ನನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ನಾನು ಇಳಿದ ಮೇಲೆ, ರಸ್ತೆಯನ್ನೇ ನೋಡುತ್ತ, “ಬರುವ ಆದಿತ್ಯವಾರ ನನಗೆ ಡ್ಯೂಟಿ ಉಂಟು. ಅಮ್ಮ ಒಬ್ಬಳೇ. ನೀನು ಬರ್ತೀಯಲ್ಲ?” ಎಂದರು. ತಲೆಯಾಡಿಸಿದರೆ ಅವರಿಗೆ ಕಾಣುತ್ತಿರಲಿಲ್ಲ. “ಬರ್ತೇನೆ ಅಣ್ಣ,” ಎಂದೆ, ಕೇಳುವ ಹಾಗೆ.

ಹೋಗುತ್ತೇನೆ ಹರಿಣಿ. ಕಮಲಕ್ಕ ಕೇಳುವವರೆಗೆ ಕಾಯುವುದಿಲ್ಲ. ಒಳಗೆ ಹೋಗಿ ಕುಳಿತು, ಚಾ ಬರುವ ಮೊದಲೇ, ನಾನೇ ಶುರು ಮಾಡುತ್ತೇನೆ.

ಐರಿನ್